ಕಿಡ್ನಿ ಕಸಿಗೆ ಕಾಯುವಾಗ ಕಾಲು ನಡುಗಿದರೆ

ಕಿಡ್ನಿ ಕಸಿಗೆ ಕಾಯುತ್ತಾ ಡಯಾಲಿಸಿಸ್‌ನಲ್ಲಿರುವ ನಿಮ್ಮ ತಂದೆಗೆ ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತದೆ, ಏನು ವ್ಯಾಯಾಮ ಮಾಡಿಸಲಿ ಅಂತ ಕೇಳಿದ್ದೀರಿ. ಸ್ನಾಯು ಕರಗಿರುವುದು ಕಾರಣ ಇರಬಹುದು. ಡಯಾಲಿಸಿಸ್‌ನಲ್ಲಿರುವವರು ಕೂತು, ಮಲಗಿ ಇರುವುದೇ ಜಾಸ್ತಿ ಅಲ್ವಾ? ರಕ್ತ ಕಡಿಮೆಯಾದರೂ ಹೀಗಾಗುತ್ತದೆ, ಯಾವುದೆಂದು ಇಲ್ಲಿಂದ ಹೇಳಲಾಗದು. ಹಾಗಾಗಿ ಮೊದಲು ಹಿಮೋಗ್ಲೋಬಿನ್, ಪೊಟ್ಯಾಸಿಯಂ, ಎಕೋ (ಹೃದಯದ ಸ್ಕ್ಯಾನ್) ವರದಿ ತೋರಿಸಿ ಡಾಕ್ಟರ ಒಪ್ಪಿಗೆ ಪಡೆಯಿರಿ.

ಆಮೇಲೆ ಡಯಾಲಿಸಿಸ್ ಇಲ್ಲದ ದಿನ 5 ನಿಮಿಷ ನಡೆಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ವೇಗ. ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ.

ತೊಡೆಗೆ ಕುರ್ಚಿಯೇ ಸಾಕು, ಜಿಮ್ ಬೇಡ. ಕೈ ಊರದೆ 5 ಸಲ ಎದ್ದು ಕೂರಲಿ, ಸುಧಾರಿಸಿಕೊಂಡು ಮತ್ತೆ 5. ಉಸಿರು ಬಿಗಿಹಿಡಿಯಬಾರದು. ಪಕ್ಕದಲ್ಲಿ ನೀವಿರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಅಂತ ತಿಂಗಳಿಗೊಮ್ಮೆ ಬರೆದಿಡಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಲು ಬೇಕಾಗುತ್ತದೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಭಾರ ಎತ್ತಿಸಬೇಡಿ.

ಊಟದ ವಿಷಯ ಮರೆಯಬೇಡಿ. ಡಯಾಲಿಸಿಸ್ ಶುರುವಾದ ಮೇಲೂ ಪ್ರೋಟೀನ್ ಕಡಿಮೆ ತಿನ್ನುವ ಹಳೇ ಪಥ್ಯ ಅಂತ ಮೊಟ್ಟೆ ಬಿಡಿಸುವ ಮನೆಗಳಿವೆ. ಪ್ರೋಟೀನ್ ಈಗ ಮುಂಚಿಗಿಂತ ಹೆಚ್ಚು ಬೇಕು. ಇಲ್ಲದಿದ್ದರೆ ವ್ಯಾಯಾಮ ಸುಮ್ನೆ ದಂಡ. ಎಷ್ಟೆಂದು ಡಯಟೀಶಿಯನ್ ಹೇಳಲಿ.

ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಎದೆನೋವು ಕಡಿಮೆಯಾಗದಿದ್ದರೆ ನೇರ ಆಸ್ಪತ್ರೆಗೇ ಹೋಗಿ.