ಗ್ರಾಫ್‌ವಿಜ್‌ನಲ್ಲಿ ಜಿಲ್ಲೆಯ ರಸ್ತೆಗಳೆಲ್ಲ ಗೋಜಲಾಗುತ್ತಿವೆ, ಯಾವ ಸೆಟ್ಟಿಂಗ್ ಬದಲಿಸಲಿ?

ಹೆಸರು, ಗೆರೆಗಳ ಪಟ್ಟಿ ಕೊಟ್ಟರೆ ತಾನೇ ಚಿತ್ರ ಬಿಡಿಸುವ ಗ್ರಾಫ್‌ವಿಜ್‌ನಲ್ಲಿ ಕಾರವಾರದ ಶಾಲೆಗೆಂದು ಎರಡು ಚಿತ್ರ ಮಾಡುತ್ತಿದ್ದೀರಿ: ಒಂದು ಕಾಳಿ ನದಿಯ ಅಣೆಕಟ್ಟುಗಳದ್ದು, ಇನ್ನೊಂದು ಉತ್ತರ ಕನ್ನಡದ ರಸ್ತೆಗಳದ್ದು. ಎರಡನ್ನೂ ಅದರ 'ಡಾಟ್'ಗೆ, ಅಂದರೆ ಹೆಸರುಗಳನ್ನು ಸಾಲುಸಾಲಾಗಿ ಜೋಡಿಸುವ ಪ್ರೋಗ್ರಾಮ್‌ಗೆ, ಕೊಟ್ಟಿದ್ದೀರಿ. ಕಾಳಿ ಪರವಾಗಿಲ್ಲ, ರಸ್ತೆ ಮಾತ್ರ ಗೋಜಲು ಎಂದಿದ್ದೀರಿ. ನಾನು ಶಿರಸಿಯವನು, ಈ ಎರಡೂ ಚಿತ್ರ ಶಾಲೆಯ ಗೋಡೆ ಸೇರಲಿ ಎಂಬ ಆಸೆ ನನಗೂ ಇದೆ. ಸೆಟ್ಟಿಂಗ್‌ಗೆ ಕೈಹಾಕುವ ಮೊದಲು ನೋಡಬೇಕಾದ್ದು ಒಂದೇ: ನಿಮ್ಮ ಮಾಹಿತಿಗೆ ದಿಕ್ಕು ಇದೆಯೇ? ನೀರಿಗೆ ಇದೆ, ರಸ್ತೆಗೆ ಇಲ್ಲ.

ಡಾಟ್ ಕೆಲಸ ಮಾಡುವುದು 1981ರಲ್ಲಿ ಸುಗಿಯಾಮ ಮತ್ತು ಸಂಗಡಿಗರು ವಿವರಿಸಿದ ಕ್ರಮದ ಜಾಡಿನಲ್ಲಿ. ಮೊದಲು ಪ್ರತಿಯೊಂದು ಹೆಸರನ್ನೂ ಒಂದೊಂದು ಸಾಲಿಗೆ ಹಂಚುತ್ತದೆ, ಆಮೇಲೆ ಗೆರೆಗಳು ಆದಷ್ಟು ಕಡಿಮೆ ದಾಟುವಂತೆ ಸಾಲಿನೊಳಗೆ ಅದಲುಬದಲು ಮಾಡುತ್ತದೆ, ಕೊನೆಗೆ ಜಾಗ ಗೊತ್ತುಮಾಡುತ್ತದೆ. ಬರೀ ಎರಡು ಸಾಲುಗಳಿದ್ದರೂ ದಾಟುವಿಕೆಯನ್ನು ನಿಜವಾಗಿ ಕನಿಷ್ಠಕ್ಕೆ ಇಳಿಸುವುದು ಗಣಿತದ ಬಹಳ ಕಠಿಣ ಲೆಕ್ಕಗಳ ಗುಂಪಿಗೆ ಸೇರುತ್ತದೆ. ಹಾಗಾಗಿ ಪ್ರೋಗ್ರಾಮ್ ಅಂದಾಜಿನಲ್ಲೇ ನಡೆಯುತ್ತದೆ. ನಾವು ಕೊಡುವ ಸೆಟ್ಟಿಂಗ್‌ಗಳು ಆ ಅಂದಾಜಿಗೆ ಸುಳಿವು, ಅಷ್ಟೆ.

ಕಾಳಿಯ ಚಿತ್ರದಲ್ಲಿ ಸೂಪಾ ಮೇಲಿರಲಿ, ಅದರ ಕೆಳಗೆ ಬೊಮ್ಮನಹಳ್ಳಿ, ನಾಗಝರಿ ವಿದ್ಯುದಾಗಾರ, ಕೊಡಸಳ್ಳಿ, ಕದ್ರಾ, ಕೊನೆಗೆ ಸಮುದ್ರ. ತಟ್ಟಿಹಳ್ಳ ಪಕ್ಕದಿಂದ ಬಂದು ಬೊಮ್ಮನಹಳ್ಳಿಗೆ ಸೇರುತ್ತದೆ. ರ‍್ಯಾಂಕ್‌ಡಿರ್ ಎಂಬ ದಿಕ್ಕಿನ ಸೆಟ್ಟಿಂಗ್ ಅನ್ನು ಟಿಬಿ, ಅಂದರೆ ಮೇಲಿಂದ ಕೆಳಕ್ಕೆ, ಎಂದೇ ಬಿಡಿ. ಘಟ್ಟದಿಂದ ಕಡಲಿಗೆ ಇಳಿಯುವ ನೀರು ಮಕ್ಕಳ ಕಣ್ಣಿಗೂ ಹಾಗೇ ಇಳಿಯಬೇಕು. ತೊಡಕಿರುವುದು ಕೈಗಾದಲ್ಲಿ. ಅಲ್ಲಿನ ಅಣುವಿದ್ಯುತ್ ಸ್ಥಾವರವು ಕದ್ರಾ ಜಲಾಶಯದಿಂದ ತಂಪುಗೊಳಿಸಲು ನೀರು ತೆಗೆದುಕೊಂಡು ಅಲ್ಲಿಗೇ ಬಿಡುತ್ತದೆ, ಅಲ್ಲೊಂದು ಸುತ್ತು ಹುಟ್ಟುತ್ತದೆ. ಮರಳಿ ಬರುವ ಗೆರೆಗೆ ಕನ್‌ಸ್ಟ್ರೇಂಟ್ ಫಾಲ್ಸ್ ಕೊಡಿ. ಗೆರೆ ಉಳಿಯುತ್ತದೆ, ಆದರೆ ಸಾಲು ಹಂಚುವಾಗ ಡಾಟ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನದಿಯ ಮುಖ್ಯ ಹರಿವು ನೆಟ್ಟಗೆ ಇರಬೇಕಾದರೆ ಆ ಗೆರೆಗಳಿಗೆ ವೇಯ್ಟ್ ಹೆಚ್ಚಿಸಿ.

ರಸ್ತೆಯ ಗೋಜಲಿಗೆ ಕಾರಣ ಅದರ ಸುತ್ತುಗಳು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾ, ಮತ್ತೆ ಅಂಕೋಲಾ. ಬಾಣವಿಲ್ಲದ ಗೆರೆ ಕೊಟ್ಟರೂ ಡಾಟ್ ನೀವು ಮೊದಲು ಬರೆದ ಊರನ್ನು ಮೇಲೆ, ಎರಡನೆಯದನ್ನು ಕೆಳಗೆ ಇಡಲು ನೋಡುತ್ತದೆ. ಅಂದರೆ ಚಿತ್ರದ ಆಕಾರ ನಿಂತಿರುವುದು ನೀವು ಟೈಪ್ ಮಾಡಿದ ಕ್ರಮದ ಮೇಲೆ, ಭೂಗೋಳದ ಮೇಲಲ್ಲ. ಇಲ್ಲಿ ಗ್ರಾಫ್‌ವಿಜ್‌ನದೇ ಇನ್ನೊಂದು ಪ್ರೋಗ್ರಾಮ್ 'ನೀಟೊ' ಬಳಸಿ, ಅದು ಸಾಲು ಹಂಚುವುದಿಲ್ಲ. ಪ್ರತಿ ಊರಿಗೂ ಪೋಸ್ (ಸ್ಥಾನ) ಎಂಬಲ್ಲಿ ಎಕ್ಸ್, ವೈ ಅಳತೆ ಬರೆದು ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಊರು ಅಲ್ಲೇ ಕೂರುತ್ತದೆ. ಅಳತೆ ಇಂಚಿನಲ್ಲಿ. ಎಲ್ಲ ಊರುಗಳಿಗೂ ಬೇಕಿಲ್ಲ. ಕಾರವಾರ, ಭಟ್ಕಳ, ಶಿರಸಿ, ಹಳಿಯಾಳದಂಥ ನಾಲ್ಕನ್ನು ಕಟ್ಟಿಹಾಕಿ, ಉಳಿದವು ತಾವೇ ನಡುವೆ ಜಾಗ ಹುಡುಕಿಕೊಳ್ಳುತ್ತವೆ. ಓವರ್‌ಲ್ಯಾಪ್ ಫಾಲ್ಸ್ ಹಾಕಲು ಮರೆಯಬೇಡಿ, ಹೆಸರುಗಳ ಮೇಲೆ ಹೆಸರು ಬೀಳುವುದು ತಪ್ಪುತ್ತದೆ.

ಡಾಟ್‌ನಲ್ಲೇ ಮಾಡುವ ಹಟವಿದ್ದರೆ ರ‍್ಯಾಂಕ್‌ಡಿರ್ ಎಲ್‌ಆರ್, ಅಂದರೆ ಎಡದಿಂದ ಬಲಕ್ಕೆ, ಕೊಟ್ಟು, ಕರಾವಳಿಯ ಐದು ಊರುಗಳನ್ನು ರ‍್ಯಾಂಕ್ ಸೇಮ್ ಎಂದು ಒಂದೇ ಸಾಲಿನ ಗುಂಪು ಮಾಡಿ, ಘಟ್ಟದ ರಸ್ತೆಗಳನ್ನೆಲ್ಲ ಕರಾವಳಿಯ ಊರಿಂದ ಶುರುಮಾಡಿ ಬರೆಯಿರಿ. ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ನಕ್ಷೆಗೆ ಸಾಕಷ್ಟು ಹತ್ತಿರ ಬರುತ್ತದೆ.

ಊರ ಹೆಸರುಗಳನ್ನು ದಯವಿಟ್ಟು ಕನ್ನಡದಲ್ಲೇ ಇಡಿ. ಫಾಂಟ್‌ನೇಮ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಕೊಡಿ. ಪೆಟ್ಟಿಗೆಯ ಅಳತೆ ಅಕ್ಷರದ ಅಗಲದಿಂದ ನಿರ್ಧಾರವಾಗುವುದರಿಂದ ಫಾಂಟ್ ಮೊದಲು, ಅಂತರ ಆಮೇಲೆ. ಡಾಟ್‌ನಲ್ಲಿ ನೀವೇನೂ ಹೇಳದಿದ್ದರೆ ನೋಡ್‌ಸೆಪ್, ಅಂದರೆ ಒಂದೇ ಸಾಲಿನ ಪೆಟ್ಟಿಗೆಗಳ ಅಂತರ, 0.25 ಇಂಚು, ಸಾಲುಗಳ ನಡುವಿನ ಅಂತರವಾದ ರ‍್ಯಾಂಕ್‌ಸೆಪ್ 0.5 ಇಂಚು. ಮುಂದೆ ವೆಬ್ ಪುಟಕ್ಕೆಂದು ಡ್ಯಾಗ್ರೆ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುವುದಾದರೆ ಅಲ್ಲೂ ಇದೇ ಹೆಸರುಗಳಿವೆ, ಆದರೆ ಅಳತೆ ಪಿಕ್ಸೆಲ್, ಏನೂ ಹೇಳದಿದ್ದರೆ ಎರಡೂ 50. ಇಲ್ಲಿನ 0.5 ಅನ್ನು ಹಾಗೇ ಅಲ್ಲಿಗೆ ಒಯ್ದರೆ ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.