ಕನ್ನಡಿಯಲ್ಲಿ ಕಾಣದ ಕಣ್ಣಿನ ಜಿಗಿತ

ಓದುಗರ ಪತ್ರ: ಕನ್ನಡಿ ಮುಂದೆ ನಿಂತು ನನ್ನ ಎಡಗಣ್ಣನ್ನು ನೋಡಿದೆ, ಆಮೇಲೆ ಬಲಗಣ್ಣನ್ನು. ಹೀಗೆ ಎಷ್ಟು ಸಲ ಮಾಡಿದರೂ ನನ್ನ ಕಣ್ಣು ಅಲ್ಲಾಡುವುದು ನನಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ತಂಗಿಗೆ ಚೆನ್ನಾಗಿ ಕಂಡಿತು. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿಕೊಂಡರೆ ನನಗೂ ಕಾಣುತ್ತದೆ! ಕಣ್ಣು ಕ್ಯಾಮೆರಾ ಇದ್ದ ಹಾಗೆ ಎಂದು ಓದಿದ್ದೇನೆ. ಹಾಗಿದ್ದರೆ ಇದೇಕೆ ಹೀಗೆ? ನನ್ನ ಕಣ್ಣಿನಲ್ಲಿ ದೋಷವಿದೆಯೇ?

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದು ದೋಷವಲ್ಲ. ಯಾರು ಕನ್ನಡಿ ಮುಂದೆ ನಿಂತರೂ ಹೀಗೇ ಆಗುತ್ತದೆ. ಓದುವಾಗ ಕಣ್ಣು ಹೇಗೆ ಓಡಾಡುತ್ತದೆ ಎಂದು ಪರೀಕ್ಷಿಸುತ್ತಿದ್ದ ಎರ್ಡ್‌ಮನ್ ಮತ್ತು ಡಾಜ್ ಎಂಬ ಇಬ್ಬರು ಸಂಶೋಧಕರು 1898ರಲ್ಲೇ ಇದನ್ನು ಗಮನಿಸಿ ಬರೆದಿಟ್ಟಿದ್ದಾರೆ. ನೀವು ಕನ್ನಡಿ ನೋಡಿ ಸುಮ್ನೆ ಬಿಡಲಿಲ್ಲ. ತಂಗಿಯನ್ನು ಕೇಳಿದಿರಿ, ಮೊಬೈಲಿನಲ್ಲೂ ನೋಡಿ ಹೋಲಿಸಿದಿರಿ. ಅದು ನನಗೆ ತುಂಬ ಹಿಡಿಸಿತು.

ಕಣ್ಣು ಜಿಗಿಯುವುದಾದರೂ ಯಾಕೆ? ಕಣ್ಣಿನ ಹಿಂಬದಿಯ ರೆಟಿನಾದಲ್ಲಿ, ನಡುವಿನ ಒಂದು ಪುಟ್ಟ ಜಾಗಕ್ಕೆ ಮಾತ್ರ ತೀರಾ ಸ್ಪಷ್ಟವಾದ ನೋಟ ಇದೆ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಂದು ಸಲಕ್ಕೆ ಚೊಕ್ಕವಾಗಿ ಕಾಣುವುದು ಹೆಚ್ಚುಕಡಿಮೆ ಆ ಉಗುರಿನ ಅಗಲದಷ್ಟು ಜಾಗ. ಅದರಿಂದ ದೂರ ಹೋದಂತೆಲ್ಲ ಮಸುಕು. ನಂಬಿಕೆ ಬರುವುದಿಲ್ಲ ಅಲ್ವಾ? ಈ ಸಾಲಿನ ಒಂದು ಪದದ ಮೇಲೆ ಕಣ್ಣು ನೆಡಿ. ಕಣ್ಣು ಕದಲಿಸದೆ ನಾಲ್ಕು ಸಾಲು ಕೆಳಗಿರುವುದನ್ನು ಓದಲು ನೋಡಿ. ಆಗುವುದಿಲ್ಲ. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಜಾಗ ಬದಲಿಸುತ್ತಲೇ ಇರುತ್ತದೆ. ಒಂದೊಂದು ಜಿಗಿತವೂ ಸೆಕೆಂಡಿನ ಚಿಕ್ಕ ಪಾಲಿನಲ್ಲಿ ಮುಗಿದುಹೋಗುತ್ತದೆ.

ಇಲ್ಲಿಂದ ಮುಂದೆ ಕ್ಯಾಮೆರಾದ ಹೋಲಿಕೆ ನಮಗೆ ಪ್ರಯೋಜನಕ್ಕೆ ಬರುವುದಿಲ್ಲ. ಕ್ಯಾಮೆರಾವನ್ನು ಹೀಗೆ ಸರಕ್ಕನೆ ತಿರುಗಿಸಿದರೆ ಚಿತ್ರವೆಲ್ಲ ಕಲಸಿಹೋಗುತ್ತದೆ. ರೆಟಿನಾದ ಮೇಲೂ ಆಗ ಕಲಸಿದ ಚಿತ್ರವೇ ಬೀಳುತ್ತದೆ. ಆದರೆ ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಇದಕ್ಕೆ ಎರಡು ಕಾರಣ ಹೇಳಬಹುದು. ಒಂದು, ಜಿಗಿತ ಶುರುವಾಗುವ ತುಸು ಮೊದಲಿನಿಂದಲೇ ಚಲನೆಯನ್ನು ಗುರುತಿಸುವ ಶಕ್ತಿಯನ್ನು ಮಿದುಳು ತಗ್ಗಿಸುತ್ತದೆ. ಇನ್ನೊಂದು ನನಗೆ ಇದಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವಂಥದ್ದು. 1978ರಲ್ಲಿ ಕ್ಯಾಂಪ್‌ಬೆಲ್ ಮತ್ತು ವುರ್ಟ್ಜ್ ಎಂಬ ಸಂಶೋಧಕರು ಕತ್ತಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಕಣ್ಣು ಜಿಗಿಯುತ್ತಿರುವ ಆ ಕ್ಷಣದಲ್ಲಿ ಮಾತ್ರ ಬೆಳಕು ಬೀಳುವಂತೆ ಮಾಡಿದರು. ಆಗ ಕಲಸಿದ ಚಿತ್ರ ಕಂಡಿತು! ಜಿಗಿತ ಮುಗಿದ ಮೇಲೂ ಬೆಳಕನ್ನು ಸ್ವಲ್ಪ ಹೊತ್ತು ಹಾಗೇ ಉಳಿಸಿದಾಗ ಆ ಕಲಸು ಮಾಯವಾಯಿತು. ಅಂದರೆ ಆಮೇಲೆ ಬಂದ ಸ್ಪಷ್ಟ ಚಿತ್ರ, ಮೊದಲು ಬಂದಿದ್ದನ್ನು ಅಳಿಸಿಹಾಕಿತು. ನಾವು ‘ಈಗ’ ನೋಡುತ್ತಿದ್ದೇವೆ ಎಂದುಕೊಳ್ಳುವುದು ಹೀಗೆ ತುಸು ತಡವಾಗಿ, ತಿದ್ದಿಕೊಂಡು ಬಂದದ್ದು. ಮುಳ್ಳಿರುವ ಗಡಿಯಾರದ ಕಡೆ ತಟ್ಟನೆ ಕಣ್ಣು ಹಾಯಿಸಿದರೆ ಕೆಲವೊಮ್ಮೆ ಸೆಕೆಂಡಿನ ಮುಳ್ಳು ನಿಂತೇಹೋದ ಹಾಗೆ ಅನಿಸುತ್ತದೆಯಲ್ಲ, ಅದೂ ಇದಕ್ಕೆ ನಂಟಿರುವ ವಿಷಯವೇ.

ನಿಮ್ಮ ತಂಗಿಗೆ ಕಂಡಿದ್ದು ಈಗ ಸರಿಯಾಗಿ ಅರ್ಥವಾಗುತ್ತದೆ. ನಿಮ್ಮ ಕಣ್ಣು ಜಿಗಿಯುವಾಗ ಅವರ ಕಣ್ಣು ನಿಂತಿತ್ತು. ಮೊಬೈಲಿನದು ಇನ್ನೂ ಸ್ವಾರಸ್ಯ. ಕ್ಯಾಮೆರಾ ಹಿಡಿದ ಚಿತ್ರ ಪರದೆಗೆ ಬರುವಷ್ಟರಲ್ಲಿ ಚೂರು ತಡವಾಗುತ್ತದೆ. ಅಷ್ಟರಲ್ಲಿ ನಿಮ್ಮ ಕಣ್ಣು ಜಿಗಿದು ನಿಂತಿರುತ್ತದೆ. ಆಗಲೇ ಮುಗಿದ ಜಿಗಿತವನ್ನು ನೀವು ನಿಂತ ಕಣ್ಣಿನಿಂದ ನೋಡುತ್ತೀರಿ.

ಮತ್ತೊಂದು ಪರೀಕ್ಷೆ ಮಾಡಿ ನೋಡಿ. (ಕಣ್ಣಿನ ಆಪರೇಷನ್ ಆದವರು, ಕಣ್ಣಿನ ಕಾಯಿಲೆ ಇರುವವರು ಖಂಡಿತ ಬೇಡ.) ಒಂದು ಕಣ್ಣು ಮುಚ್ಚಿ. ತೆರೆದಿರುವ ಕಣ್ಣಿನ ಹೊರತುದಿಯನ್ನು ರೆಪ್ಪೆಯ ಮೇಲಿಂದ ಬೆರಳಿನಲ್ಲಿ ತೀರಾ ಮೆಲ್ಲಗೆ ಒತ್ತಿ. ಎದುರಿಗಿರುವುದೆಲ್ಲ ಅಲುಗಿದಂತೆ ಕಾಣುತ್ತದೆ. ಕಣ್ಣನ್ನು ನೀವೇ ಅತ್ತಿತ್ತ ಹೊರಳಿಸಿದರೆ ಮಾತ್ರ ಏನೂ ಅಲುಗುವುದಿಲ್ಲ. ಎರಡರಲ್ಲೂ ರೆಟಿನಾದ ಮೇಲಿನ ಚಿತ್ರ ಸರಿಯುತ್ತದೆ. ಆದರೆ ‘ಹೊರಳು’ ಎಂದು ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಕೊಟ್ಟದ್ದು ಮಿದುಳೇ ಆಗಿದ್ದರೆ, ಎಷ್ಟು ಸರಿಯಿತು ಎಂಬ ಲೆಕ್ಕ ಅದಕ್ಕೆ ಗೊತ್ತಿರುತ್ತದೆ. ಅಷ್ಟನ್ನು ಕಳೆದುಬಿಡುತ್ತದೆ. ಬೆರಳು ಒತ್ತಿದಾಗ ಅಂಥ ಆಜ್ಞೆ ಹೋಗಿರುವುದಿಲ್ಲ. ಹಾಗಾಗಿ ಅಲುಗಿದ್ದು ಹೊರಗಿನ ಜಗತ್ತೇ ಎಂದು ಅದು ತೀರ್ಮಾನಿಸುತ್ತದೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು ವಿವರಿಸಿದ್ದು ಹೀಗೆಯೇ.

ಇದನ್ನೆಲ್ಲ ಓದಿ ಕಣ್ಣು ನಮಗೆ ಮೋಸ ಮಾಡುತ್ತಿದೆ ಎಂದುಕೊಳ್ಳಬೇಡಿ. ನಾನಂತೂ ಹಾಗೆ ಅಂದುಕೊಳ್ಳುವುದಿಲ್ಲ. ಈ ಏರ್ಪಾಡು ಇಲ್ಲದಿದ್ದರೆ ಕಣ್ಣು ಜಿಗಿದಾಗಲೆಲ್ಲ ಗೋಡೆ, ಬಾಗಿಲು, ಎದುರಿಗಿರುವ ಮುಖ ಎಲ್ಲವೂ ಕುಲುಕುತ್ತಿದ್ದವು. ಆದರೆ ರಸ್ತೆಯಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು. ಬಲಕ್ಕೂ ಎಡಕ್ಕೂ ಸರಕ್ಕನೆ ಕತ್ತು ತಿರುಗಿಸಿದಾಗ, ನೋಟ ನಿಲ್ಲದೆ ದಾಟಿಹೋದ ಜಾಗದಲ್ಲಿ ಒಂದು ಬೈಕ್ ಇದ್ದರೂ ಅದು ಕಣ್ತಪ್ಪಬಹುದು. ಆ ಜಾಗವನ್ನು ನೋಡದೆ ಬಿಟ್ಟಿದ್ದೇವೆ ಎಂಬುದೂ ನಮಗೆ ತಿಳಿಯುವುದಿಲ್ಲ. ಎರಡು ಮೂರು ಕಡೆ ನೋಟ ನಿಲ್ಲಿಸಿ, ಇನ್ನೊಮ್ಮೆ ನೋಡಿ ದಾಟಿ.

ಕಣ್ಣಿನ ಡಾಕ್ಟರ ಬಳಿ ಹೋಗಬೇಕಾದ ಸಂದರ್ಭ ಇದಕ್ಕೆ ಸರಿಯಾಗಿ ತಿರುಗುಮುರುಗು. ನಡೆಯುವಾಗ ಎದುರಿಗಿರುವುದೆಲ್ಲ ಮೇಲೆ ಕೆಳಗೆ ಕುಣಿದಂತೆ ಕಂಡರೆ, ಅಥವಾ ಸುಮ್ನೆ ಕೂತಿದ್ದಾಗಲೂ ನೋಟ ನಡುಗಿದರೆ, ತಡಮಾಡದೆ ತೋರಿಸಿ. ಒಳಗಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಭಾಗಕ್ಕೆ ತೊಂದರೆಯಾದರೂ ಹೀಗಾಗುವುದುಂಟು. ಹಾಗಾಗಿ ಅವರು ನಿಮ್ಮನ್ನು ಕಿವಿಯ ಡಾಕ್ಟರ ಹತ್ತಿರ ಕಳಿಸಿದರೆ ಗಾಬರಿಯಾಗಬೇಡಿ.