ಮನೆಯಲ್ಲಿ ಮಾಡಿದ ಪೊಮೇಡ್ ನೀರು ಬಿಡುವುದೇಕೆ?

ಪ್ರಶ್ನೆ: ಕೂದಲಿಗೆ ಹಚ್ಚುವ ಪೊಮೇಡನ್ನು ಮನೆಯಲ್ಲೇ ತಯಾರಿಸುತ್ತಿದ್ದೇನೆ. 20 ಗ್ರಾಂ ಜೇನುಮೇಣ, 30 ಗ್ರಾಂ ಕೊಬ್ಬರಿ ಎಣ್ಣೆ ಮತ್ತು 10 ಗ್ರಾಂ ಹರಳೆಣ್ಣೆಯನ್ನು ಒಟ್ಟಿಗೆ ಕರಗಿಸಿ, ಅರ್ಧ ಚಮಚ ಬಿಳಿಗಾರ (ಬೋರಾಕ್ಸ್) ಕದಡಿದ 40 ಗ್ರಾಂ ಉಗುರುಬೆಚ್ಚಗಿನ ಕೊಳವೆಬಾವಿ ನೀರನ್ನು ಸುರಿದು ಕಡೆಯುತ್ತೇನೆ. ಕೊನೆಗೆ ಲೋಳೆಸರದ ತಿರುಳು ಮತ್ತು ಸ್ವಲ್ಪ ನಿಂಬೆರಸ ಸೇರಿಸುತ್ತೇನೆ. ಮೊದಲು ಬೆಣ್ಣೆಯಂತೆ ನುಣುಪಾಗಿರುತ್ತದೆ, ಆದರೆ ವಾರ ಕಳೆಯುವಷ್ಟರಲ್ಲಿ ಡಬ್ಬಿಯಲ್ಲಿ ನೀರು ಬೇರೆಯಾಗಿ, ಉಳಿದದ್ದು ತರಿತರಿಯಾಗುತ್ತದೆ. ಇದಕ್ಕೆ ಪರಿಹಾರವೇನು?
– ಓದುಗರೊಬ್ಬರು, ಕೋಲಾರ

ಉತ್ತರ: ಜೇನುಮೇಣ ಪೊಮೇಡನ್ನು ಗಟ್ಟಿಯಾಗಿಸುತ್ತದೆಯೇ ಹೊರತು ಎಣ್ಣೆಯನ್ನೂ ನೀರನ್ನೂ ಒಂದುಗೂಡಿಸಿ ಹಿಡಿದಿಡುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್‌ನ ಹೆಸರಿನಲ್ಲಿ ಪ್ರಸಿದ್ಧವಾದ ಜೇನುಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರಿನ ಲೇಪಕ್ಕೂ ಬೇಗನೆ ಒಡೆಯುವ ಇದೇ ದೋಷವಿತ್ತು. ಎಷ್ಟೋ ಶತಮಾನಗಳ ಬಳಿಕ ಅದಕ್ಕೆ ಬಿಳಿಗಾರ ಸೇರಿದಾಗಲೇ ಅದು ಸ್ಥಿರವಾಯಿತು. ಜೇನುಮೇಣದಲ್ಲಿ ಸಹಜವಾಗಿರುವ ಸಿರೋಟಿಕ್ ಮೊದಲಾದ ಕೊಬ್ಬಿನ ಆಮ್ಲಗಳೊಡನೆ ಬಿಳಿಗಾರ ವರ್ತಿಸಿ ಪಾತ್ರೆಯಲ್ಲೇ ಒಂದು ಬಗೆಯ ಸಾಬೂನನ್ನು ಉಂಟುಮಾಡುತ್ತದೆ. ಸಣ್ಣ ಸಣ್ಣ ಹನಿಗಳ ಸುತ್ತ ಪೊರೆ ಕಟ್ಟಿ, ಅವು ಒಂದಕ್ಕೊಂದು ಕೂಡಿ ದೊಡ್ಡದಾಗದಂತೆ ತಡೆಯುವುದು ಆ ಸಾಬೂನು. ಆದ್ದರಿಂದ ನೀವು ಹಿಡಿದ ದಾರಿ ತಪ್ಪಲ್ಲ, ಆದರೆ ಆ ಸಾಬೂನನ್ನು ಕೆಡಿಸುವ ಮೂರು ಕೆಲಸಗಳು ನಿಮ್ಮ ವಿಧಾನದಲ್ಲೇ ಸೇರಿಕೊಂಡಿವೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ನಿಂಬೆರಸ. ಸಾಬೂನಿಗೆ ಆಮ್ಲ ತಗುಲಿದರೆ ಅದು ಮತ್ತೆ ಕೊಬ್ಬಿನ ಆಮ್ಲವಾಗಿ ಮಾರ್ಪಟ್ಟು, ಹನಿಗಳ ಸುತ್ತಲಿನ ಪೊರೆ ಹರಿಯುತ್ತದೆ. ಲೋಳೆಸರದ ತಿರುಳೂ ಸ್ವಲ್ಪ ಆಮ್ಲೀಯವೇ, ಮೇಲಾಗಿ ಅದರಲ್ಲಿ ಲವಣಾಂಶವಿದೆ. ಎರಡನೆಯದು ನಿಮ್ಮ ನೀರು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ನೀರಿನಲ್ಲಿ ಕರಗದ ಜಿಗುಟಾಗುತ್ತವೆ. ಕೊಳವೆಬಾವಿ ನೀರಿನಲ್ಲಿ ಸ್ನಾನ ಮಾಡುವಾಗ ಸಾಬೂನು ನೊರೆ ಕೊಡದೆ ಬಕೆಟ್ಟಿನ ಅಂಚಿಗೆ ಬಿಳಿ ಪದರವಾಗಿ ಅಂಟುತ್ತದಲ್ಲ, ನಿಮ್ಮ ಡಬ್ಬಿಯೊಳಗೂ ಆಗುತ್ತಿರುವುದು ಅದೇ. ಬ್ಯಾಟರಿಗೆ ಹಾಕಲೆಂದು ಮಾರುವ ನೀರನ್ನು ನೆಚ್ಚದೆ, ಔಷಧಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರನ್ನೇ ಬಳಸಿರಿ.

ಮೂರನೆಯದು ಉಷ್ಣತೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಗುರುಬೆಚ್ಚಗಿನ ನೀರು ಬಿದ್ದ ಕೂಡಲೇ ಮೇಣ ಅಲ್ಲಲ್ಲೇ ಹೆಪ್ಪುಗಟ್ಟಿ ಕಾಳಾಗುತ್ತದೆ, ಆಮೇಲೆ ಎಷ್ಟು ಕಡೆದರೂ ಅದು ಕರಗುವುದಿಲ್ಲ. ಎಣ್ಣೆಯ ಭಾಗವನ್ನೂ ನೀರಿನ ಭಾಗವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ, ನೇರ ಉರಿಯ ಮೇಲಲ್ಲದೆ ಬಿಸಿನೀರಿನ ತಪ್ಪಲೆಯೊಳಗಿಟ್ಟು, 70ರಿಂದ 75 ಡಿಗ್ರಿಗೆ ತಂದ ಮೇಲೆಯೇ ಒಂದುಗೂಡಿಸಬೇಕು. ಬಿಳಿಗಾರವನ್ನು ಚಮಚದಲ್ಲಿ ಅಳೆಯುವುದನ್ನೂ ಬಿಡಿ: ಅದು ಜೇನುಮೇಣದ ತೂಕದ 5ರಿಂದ 6 ಪ್ರತಿಶತ ಇದ್ದರೆ ಸಾಕು, ಅಂದರೆ ನಿಮ್ಮ ಅಳತೆಗೆ ಹೆಚ್ಚೆಂದರೆ 1.2 ಗ್ರಾಂ. ಹೆಚ್ಚಾದ ಬಿಳಿಗಾರ ತಣಿದಾಗ ಹರಳುಗಟ್ಟುತ್ತದೆ. ನಿಮಗೆ ಕಾಣುತ್ತಿರುವ ತರಿಯಲ್ಲಿ ಅದರ ಪಾಲೂ ಇರಬಹುದು.

ಇಷ್ಟು ಹೇಳಿದರೂ, ಬಿಳಿಗಾರವನ್ನೇ ಮುಂದುವರಿಸಿ ಎಂದು ನಾನು ಸಲಹೆ ಮಾಡಲಾರೆ. ಸಂತಾನಶಕ್ತಿಗೆ ಹಾನಿಕರವಾಗಬಹುದಾದ ವಸ್ತುಗಳ ಪಟ್ಟಿಯಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಸೇರಿಸಿದೆ. ಮಕ್ಕಳು ಮತ್ತು ಗರ್ಭಿಣಿಯರಿರುವ ಮನೆಯಲ್ಲಿ, ಅಥವಾ ನೆತ್ತಿಯ ಮೇಲೆ ಗಾಯವಿದ್ದಾಗ, ಅದು ಬೇಡವೇ ಬೇಡ. ಅದರ ಬದಲು ಬಳಸಬಹುದಾದ, ಎಣ್ಣೆಯನ್ನೂ ನೀರನ್ನೂ ಬೆಸೆಯುವ ಮೇಣವಾದ ಎಮಲ್ಸಿಫೈಯಿಂಗ್ ವ್ಯಾಕ್ಸ್ (ಸೀಟಿಯರಿಲ್ ಆಲ್ಕೋಹಾಲ್ ಮತ್ತು ಪಾಲಿಸಾರ್ಬೇಟ್ 60 ಸೇರಿರುವುದು) ಈಗ ಸಾಬೂನು ಮತ್ತು ಕ್ರೀಮಿನ ಕಚ್ಚಾಸಾಮಗ್ರಿ ಮಾರುವವರಲ್ಲಿ ಸಣ್ಣ ಪ್ಯಾಕೆಟ್ಟಿನಲ್ಲೇ ದೊರೆಯುತ್ತದೆ. ಪಾಲಿಸಾರ್ಬೇಟ್ ನೀರಿನ ಕಡೆಗೆ ಒಲಿಯುವಂಥದ್ದು, ಸೀಟಿಯರಿಲ್ ಆಲ್ಕೋಹಾಲ್ ಎಣ್ಣೆಯ ಕಡೆಗೆ. ಎರಡೂ ಕೂಡಿ ಕಟ್ಟುವ ಪೊರೆ ಒಂದೊಂದೇ ಕಟ್ಟುವುದಕ್ಕಿಂತ ಗಟ್ಟಿ. ಅದು ಸಾಬೂನಲ್ಲವಾದ್ದರಿಂದ ಸ್ವಲ್ಪ ಆಮ್ಲವನ್ನೂ ಗಡಸುತನವನ್ನೂ ತಾಳಿಕೊಳ್ಳುತ್ತದೆ.

100 ಗ್ರಾಂ ಪೊಮೇಡಿಗೆ 10 ಗ್ರಾಂ ಜೇನುಮೇಣ, 12 ಗ್ರಾಂ ಹರಳೆಣ್ಣೆ, 8 ಗ್ರಾಂ ಕೊಬ್ಬರಿ ಎಣ್ಣೆ ಮತ್ತು 8 ಗ್ರಾಂ ಎಮಲ್ಸಿಫೈಯಿಂಗ್ ವ್ಯಾಕ್ಸ್ ಒಂದು ಕಡೆ, 56 ಗ್ರಾಂ ಡಿಸ್ಟಿಲ್ಡ್ ವಾಟರ್ ಮತ್ತು 5 ಗ್ರಾಂ ಗ್ಲಿಸರಿನ್ ಇನ್ನೊಂದು ಕಡೆ ಇಟ್ಟು ಆರಂಭಿಸಿರಿ. ಉಳಿದ 1 ಗ್ರಾಂ, ಪೊಮೇಡ್ ಕೆಡದಂತೆ ಕಾಯುವ ಸಂರಕ್ಷಕಕ್ಕೆ ಮೀಸಲು (ಅದರ ವಿವರ ಮುಂದಿನ ಉತ್ತರದಲ್ಲಿದೆ). ಕೊಬ್ಬರಿ ಎಣ್ಣೆಯನ್ನು ನಾನು ಬೇಕೆಂದೇ ಇಳಿಸಿದ್ದೇನೆ: ಅದು ಸುಮಾರು 24 ಡಿಗ್ರಿಯಲ್ಲಿ ಕರಗುವುದರಿಂದ, ನಿಮ್ಮ ಊರಿನ ಹಗಲು ರಾತ್ರಿಗಳ ಏರಿಳಿತದಲ್ಲಿ ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟಿ ಪೊಮೇಡನ್ನು ತರಿಯಾಗಿಸುತ್ತದೆ. ಎರಡೂ ಭಾಗಗಳನ್ನು ಬೆರೆಸಿದ ಕೂಡಲೇ ಹ್ಯಾಂಡ್ ಬ್ಲೆಂಡರನ್ನು ತಳಕ್ಕೆ ಮುಳುಗಿಸಿ, ಗಾಳಿ ಒಳಸೇರದಂತೆ ಒಂದೆರಡು ನಿಮಿಷ ತಿರುಗಿಸಿರಿ. ಮಿಶ್ರಣ ಹಾಲಿನ ಬಣ್ಣಕ್ಕೆ ಬಂದ ಮೇಲೆ ಬ್ಲೆಂಡರನ್ನು ತೆಗೆದು ಸೌಟಿನಿಂದ ನಿಧಾನವಾಗಿ ತಿರುವುತ್ತಾ, ಪಾತ್ರೆಯ ಗೋಡೆಗೆ ಅಂಟಿ ಮೊದಲು ಗಟ್ಟಿಯಾಗುವ ಪದರವನ್ನು ಒಳಕ್ಕೆ ಎಳೆದುಕೊಳ್ಳುತ್ತಾ, 40 ಡಿಗ್ರಿಗೆ ಇಳಿಯುವವರೆಗೆ ಬಿಡದೆ ಕೈಯಾಡಿಸಬೇಕು. ಅವಸರಕ್ಕೆಂದು ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಡಬಾರದು.

ಪ್ರಶ್ನೆ: ನೀರಿನ ಬದಲು ದಾಸವಾಳದ ಎಲೆಯ ರಸವನ್ನೋ ಮೆಂತ್ಯ ನೆನೆಸಿದ ನೀರನ್ನೋ ಹಾಕಬಹುದೇ? ಸಂರಕ್ಷಕ ರಾಸಾಯನಿಕ ಹಾಕಲು ಇಷ್ಟವಿಲ್ಲ.
– ಓದುಗರೊಬ್ಬರು, ಶಿರಸಿ

ಉತ್ತರ: ನೀರಿರುವ ಪೊಮೇಡಿನಲ್ಲಿ ಸಂರಕ್ಷಕವಿಲ್ಲದೆ ಬೂಷ್ಟು ಮತ್ತು ಬ್ಯಾಕ್ಟೀರಿಯ ಬೆಳೆಯದೆ ಇರುವುದಿಲ್ಲ, ಎಲೆಯ ರಸವಿದ್ದರೆ ಅವಕ್ಕೆ ಆಹಾರವೂ ಸಿಕ್ಕಂತೆ. ವಿಟಮಿನ್ ಇ ಎಣ್ಣೆ ಕಮಟುವುದನ್ನು ತಡವಾಗಿಸುತ್ತದೆ, ಆದರೆ ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ. ಫಿನಾಕ್ಸಿಇಥನಾಲ್ ಇರುವ ಸಂರಕ್ಷಕವನ್ನು 1 ಪ್ರತಿಶತ ಮೀರದಂತೆ, ಮಿಶ್ರಣ 40 ಡಿಗ್ರಿಗೆ ಇಳಿದ ಮೇಲೆ ಸೇರಿಸಿರಿ. ಅದು ಒಲ್ಲದವರು ನೀರನ್ನೇ ಬಿಟ್ಟು, ಜೇನುಮೇಣ ಮತ್ತು ಎಣ್ಣೆಯ ಪೊಮೇಡ್ ಮಾಡಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಎಮಲ್ಷನ್, ಅಂದರೆ ಎಣ್ಣೆ ಮತ್ತು ನೀರಿನ ಬೆರಕೆ, ಒಡೆಯುವ ಚಿಂತೆಯೂ ಇಲ್ಲ. ದಾಸವಾಳ ಬೇಕೆಂದರೆ ಚೆನ್ನಾಗಿ ಒಣಗಿಸಿದ ಎಲೆಯನ್ನು ಎಣ್ಣೆಯಲ್ಲಿ ಹಾಕಿ ಹದವಾಗಿ ಬಿಸಿ ಮಾಡಿ ಸೋಸಿಕೊಳ್ಳಬಹುದು.

ಪ್ರಶ್ನೆ: ಪೊಮೇಡ್ ಸ್ಥಿರವಾಗಿದೆಯೇ ಎಂದು ಡಬ್ಬಿಗಳಿಗೆ ತುಂಬುವ ಮೊದಲೇ ತಿಳಿಯುವುದು ಹೇಗೆ?
– ಓದುಗರೊಬ್ಬರು, ರಾಯಚೂರು

ಉತ್ತರ: ಮೊದಲು ಪೊಮೇಡ್ ಯಾವ ಬಗೆಯದೆಂದು ತಿಳಿಯಲು ಒಂದು ಹನಿಯನ್ನು ಲೋಟದ ನೀರಿಗೆ ಹಾಕಿ ನೋಡಿ. ಹಾಲಿನಂತೆ ಹರಡಿದರೆ ಎಣ್ಣೆಯ ಹನಿಗಳ ಹೊರಗಿರುವುದು ನೀರು, ತಲೆ ತೊಳೆಯುವಾಗ ಸುಲಭವಾಗಿ ಹೋಗುತ್ತದೆ. ಗುಂಡಾಗಿ ತೇಲಿದರೆ ನೀರಿನ ಹನಿಗಳ ಹೊರಗಿರುವುದು ಎಣ್ಣೆ, ಶ್ಯಾಂಪೂ ಬೇಕಾಗುತ್ತದೆ. ಸ್ಥಿರತೆಯನ್ನು ತಿಳಿಯಲು ಬೇರೆ ಪರೀಕ್ಷೆಯಿದೆ. ಸ್ವಲ್ಪವನ್ನು ಪಾರದರ್ಶಕ ಗಾಜಿನ ಸೀಸೆಯಲ್ಲಿ ತುಂಬಿ, ಒಂದು ದಿನ ಫ್ರಿಜ್ಜಿನಲ್ಲಿ, ಮರುದಿನ 45 ಡಿಗ್ರಿಯ ಆಸುಪಾಸಿನಲ್ಲಿ, ಹೀಗೆ ಕೆಲವು ಸುತ್ತು ಅದಲುಬದಲು ಮಾಡಿರಿ. ನಿಮ್ಮ ಬೇಸಿಗೆಯಲ್ಲಿ ಎರಡನೆಯದಕ್ಕೆ ಮುಚ್ಚಿದ ಪೆಟ್ಟಿಗೆಯನ್ನು ತಾರಸಿಯ ನೆರಳಿನಲ್ಲಿಟ್ಟರೆ ಸಾಕಾಗಬಹುದು. ಪ್ರತಿ ಸಲವೂ ಸೀಸೆಯನ್ನು ಬೆಳಕಿಗೆ ಹಿಡಿದು ತಳವನ್ನು ಗಮನಿಸಿರಿ: ನೀರು ಮೊದಲು ಕೂದಲೆಳೆಯಷ್ಟು ತೆಳುವಾದ ಗೆರೆಯಾಗಿ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಗೆರೆ ಕಂಡರೆ ಮುಂದಿನ ಸಲ ಎಮಲ್ಸಿಫೈಯಿಂಗ್ ವ್ಯಾಕ್ಸನ್ನು 1 ಅಥವಾ 2 ಗ್ರಾಂ ಹೆಚ್ಚಿಸಿ, ಅಷ್ಟೇ ನೀರನ್ನು ಕಡಿಮೆ ಮಾಡಿರಿ.